ಅರಿಶಿನ ಹಚ್ಚಿದ ಕವರುಗಳು

ನಾನು ಚಿಕ್ಕವನಿದ್ದಾಗ ಪೇಟೆಯಲ್ಲಿ ಯಾರ ಮನೆಯ ಮದುವೆ ಯಾವತ್ತು ಎಂಬುದು ನೆಂಟರಿಗಿಂತ ಮೊದಲು ನಮ್ಮ ಮನೆಗೆ ಗೊತ್ತಾಗುತ್ತಿತ್ತು. ಅಪ್ಪ ಸುಲ್ತಾನ್‌ಪೇಟೆಯ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸಂಜೆ ಅವರು ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದರೆ ಶಾಯಿ, ಸೀಮೆಎಣ್ಣೆಯ ವಾಸನೆಯೂ ಜೊತೆಗೇ ಒಳಗೆ ಬರುತ್ತಿತ್ತು. ಕೆಲಸ ಮಾಡಿದಷ್ಟಕ್ಕೇ ಕೂಲಿ. ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ಪತ್ರಿಕೆಯೂ ಇಲ್ಲ, ಅಪ್ಪನಿಗೆ ಕೂಲಿಯೂ ಇಲ್ಲ.

ಅಮ್ಮ ಇದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಅಂಗಡಿಯಲ್ಲಿ ಉಳಿದ ಲಗ್ನಪತ್ರಿಕೆಯ ಕವರುಗಳನ್ನು ಅಪ್ಪನಿಂದ ತರಿಸುತ್ತಿದ್ದಳು. ಕೂಲಿ ಬಂದಾಗಲೆಲ್ಲ ಮೊದಲು ಒಂದಿಷ್ಟನ್ನು ಕವರಿಗೆ ಹಾಕಿ, ಮೈದಾ ಅಂಟಿನಿಂದ ಮುಚ್ಚಿ, ಮೂಲೆಗಳಿಗೆ ಅರಿಶಿನ ಹಚ್ಚಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದಳು. ಅರಿಶಿನ ಹಚ್ಚಿದ ಕವರನ್ನು ಸುಮ್ಮಸುಮ್ಮನೆ ಹರಿಯಲು ಯಾರಿಗೂ ಕೈ ಬರುತ್ತಿರಲಿಲ್ಲ. ನಾನು ಬುಗುರಿಗಾಗಿ ನೆಲದ ಮೇಲೆ ಹೊರಳಾಡಿದರೂ ಅಮ್ಮ ಜಗ್ಗಲಿಲ್ಲ. ಆಷಾಢ ಬಂದ ಮೇಲೆ ವಾರಕ್ಕೊಂದು ಕವರು ತೆರೆಯುತ್ತಿತ್ತು. ಅಕ್ಕನ ಹೈಸ್ಕೂಲು ಫೀಸಿಗೆ ಮಾತ್ರ ಬೇರೆಯೇ ಒಂದು ಕವರು.

ಆ ವರ್ಷ ಆಷಾಢದ ಮೊದಲ ದಿನವೇ ಅಪ್ಪ ಮಧ್ಯಾಹ್ನಕ್ಕೆ ಮನೆಗೆ ಬಂದು ಗೋಡೆಗೊರಗಿ ಕೂತರು.

"ಈ ಸಲ ಎರಡು ಆಷಾಢ ಕಣೆ. ಅಧಿಕ ಮಾಸವಂತೆ."

ಕೆಲವು ವರ್ಷ ಪಂಚಾಂಗದಲ್ಲಿ ಒಂದೇ ತಿಂಗಳು ಎರಡು ಸಲ ಬರುತ್ತದೆ. ಊರಿಗೆಲ್ಲ ಮುಹೂರ್ತ ಅಚ್ಚು ಹಾಕುವ ಮನುಷ್ಯನಿಗೇ ಅದು ತಿಳಿದಿರಲಿಲ್ಲ. ಯುಗಾದಿಗೆಂದು ನಮ್ಮಲ್ಲಿಗೆ ಬಂದಿದ್ದ ತಾತ ಪಂಚಾಂಗ ಓದಿ ಹೇಳುವಾಗ ಅಪ್ಪನ ಕಣ್ಣು ಒಬ್ಬಟ್ಟಿನ ಮೇಲಿತ್ತು. ಅಮ್ಮ ಅದನ್ನು ಬೇಯಿಸುತ್ತಿದ್ದಳು. ನಮ್ಮ ಕಥೆ ಕೇಳುವುದೇ ಬೇಡ.

ಅಪ್ಪ ತಲೆ ಎತ್ತದೆ ಹೇಳಿದರು. "ಫೀಸಿನ ಕವರ್ ಒಡೆಯೋಣ. ಇವಳು ಒಂದು ವರ್ಷ ಮನೇಲಿರ್ಲಿ. ಮುಂದಿನ ವರ್ಷ ಹೋಗ್ತಾಳೆ."

ಅಕ್ಕ ಹೊಸ್ತಿಲ ಬಳಿ ನಿಂತಿದ್ದಳು. ಅಳಲಿಲ್ಲ, ಹೆಗಲ ಮೇಲಿನ ಚೀಲವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಶಾಲೆ ಬಿಟ್ಟರೆ ನನಗೆ ಲೆಕ್ಕ ಹೇಳಿಕೊಡುವವರು ಯಾರು ಎಂದು ನನಗೆ ಭಯವಾಯಿತು.

"ಮನೇಲಿ ಕೂರಿಸಿದ ಹುಡುಗೀನ ಮತ್ತೆ ಸ್ಕೂಲಿಗೆ ಕಳಿಸಿದೋರು ಈ ವಠಾರದಲ್ಲಿ ಯಾರಿದಾರೆ ಹೇಳಿ," ಎಂದಳು ಅಮ್ಮ. "ಆ ಕವರ್ ಮುಟ್ಟಲ್ಲ. ಒಂದು ತಿಂಗಳದ್ದನ್ನೇ ಎರಡು ತಿಂಗಳು ತಿಂದ್ರಾಯ್ತು."

ಅವಳು ಉಳಿದ ಕವರುಗಳನ್ನೆಲ್ಲ ಅಲ್ಲೇ ಹರಿದಳು. ಒಂದೊಂದರಲ್ಲಿ ಇದ್ದದ್ದನ್ನು ಎರಡು ಮಾಡಿ ಹೊಸ ಕವರುಗಳಿಗೆ ತುಂಬಿದಳು. ನಾನು ಅಂಟು ಹಚ್ಚಿದೆ, ಅಕ್ಕ ಅರಿಶಿನ ಹಚ್ಚಿದಳು. ಅನ್ನ ಒಂದೇ ಹೊತ್ತು, ಇನ್ನೊಂದು ಹೊತ್ತು ರಾಗಿ ಅಂಬಲಿ, ಕಾಫಿ ಬಂದ್ ಎಂದು ಅಮ್ಮ ಹೇಳಿದಾಗ ನಾವು ಅಪ್ಪನ ಮುಖ ನೋಡಿದೆವು. ಕಾಫಿಯಿಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಅಪ್ಪ ಎದ್ದು ಹೋಗಿ ಫಿಲ್ಟರನ್ನು ತಾವೇ ತೊಳೆದು ಬೋರಲು ಹಾಕಿದರು.

ಅಕ್ಕ ಮರುದಿನವೇ ಫೀಸು ಕಟ್ಟಿ ಬಂದಳು. ಮುಂದೆ ಅದೇ ಶಾಲೆಯಲ್ಲಿ ಟೀಚರಾದಳು. ಅಮ್ಮ ಆಮೇಲೆ ಪಂಚಾಂಗವನ್ನು ನಂಬಿ ಕೂರಲಿಲ್ಲ, ಪ್ರತಿ ವರ್ಷವೂ ಎರಡು ಆಷಾಢಕ್ಕೆ ಆಗುವಷ್ಟು ಎತ್ತಿಟ್ಟಳು.

ಮಕ್ಕಳೇ, ಈಗ ಮದುವೆಯ ಕರೆ ನಿಮಗೆ ಮೊಬೈಲಿಗೇ ಬರುತ್ತದೆ. ನಿಮ್ಮ ಅಮ್ಮನ ಸಂಬಳ ಆಷಾಢವೆಂದು ನಿಲ್ಲುವುದಿಲ್ಲ. ಆದರೂ ಹೋದ ವರ್ಷ ಅವಳ ಕಂಪನಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತಲ್ಲ, ಅದನ್ನು ಯಾವ ಪಂಚಾಂಗವೂ ಹೇಳಿರಲಿಲ್ಲ. ನಿಮ್ಮ ಸ್ಕೂಲಿನ ಗತಿಯೇನು ಎಂಬ ಚಿಂತೆ ನನಗೆ ಹತ್ತಿತು. ಪಿಂಚಣಿಯ ಪಾಸ್‌ಬುಕ್ ಹಿಡಿದು ಮಗಳ ಮುಂದೆ ನಿಂತೆ.

"ಒಳಗಿಡಿ ಅಪ್ಪ. ಹೊಸ ಕೆಲಸ ಸಿಗೋವರೆಗೂ ಇದು ಸಾಕು," ಎಂದು ಅವಳು ಮೊಬೈಲಿನಲ್ಲಿ ಬ್ಯಾಂಕಿನ ಬೇರೊಂದು ಖಾತೆ ತೋರಿಸಿದಳು. ಅದಕ್ಕೆ ಅವಳು ಒಂದು ಹೆಸರನ್ನೂ ಇಟ್ಟಿದ್ದಳು. ಕನ್ನಡಕ ಹಾಕಿಕೊಂಡು ಓದಿದೆ. 'ಎರಡು ಆಷಾಢ' ಎಂದಿತ್ತು.