ಕೆರೆಕಟ್ಟೆಯ ಸಂಕಕ್ಕೆ ಎರಡು ಮಷಿನ್

ಮದುವೆಯಾಗಿ ಕೊಪ್ಪಕ್ಕೆ ಬಂದ ಮೇಲೆ ನಾನು ವೆಲ್ಡಿಂಗ್ ಕಲಿತದ್ದು ನಮ್ಮದೇ ಶೆಡ್ಡಿನಲ್ಲಿ. ಕಲಿಸಿದವರು ಯಜಮಾನರು. ಅವರದು ರಾಡ್ ವೆಲ್ಡಿಂಗ್. ಬೆಸುಗೆಯ ಮೇಲೆ ಕಪ್ಪು ಚಿಪ್ಪು ಕೂರುತ್ತದೆ, ಅದನ್ನು ಸುತ್ತಿಗೆಯಿಂದ ಕುಟ್ಟಿ ಉದುರಿಸಬೇಕು. ಆ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಸಾಕಾಗಿ ಹಟ ಹಿಡಿದು ಮಿಗ್ ಮಷಿನ್ ತರಿಸಿದೆ. ಅದರಲ್ಲಿ ತಂತಿ ತಾನಾಗಿ ಹೊರಬರುತ್ತದೆ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಸಿಲಿಂಡರಿನ ಗ್ಯಾಸು ಕಾಯುತ್ತದೆ, ಕುಟ್ಟುವ ರಗಳೆಯಿಲ್ಲ. ಯಜಮಾನರು ಅದಕ್ಕೆ ಹೊಲಿಗೆ ಮಷಿನ್ ಎಂದು ಹೆಸರಿಟ್ಟರು.

ಕಳೆದ ಬೇಸಿಗೆಯಲ್ಲಿ ಕೆರೆಕಟ್ಟೆಯ ಒಂದು ಮನೆಯವರು ಹಳ್ಳ ದಾಟಲು ಕಬ್ಬಿಣದ ಸಂಕ ಹಾಕಿಕೊಡಿ ಎಂದು ಬಂದರು. ಮರದ ಸಂಕ ಕೊಚ್ಚಿಹೋದ ಮೇಲೆ ಅವರ ಮನೆಯ ಅಜ್ಜಿಗೆ ಆಚೆ ದಡದ ತಂಗಿಯ ಮನೆಗೆ ಹೋಗಲಾಗಿರಲಿಲ್ಲವಂತೆ. ಜನರೇಟರಿನ ಜೊತೆ ಎರಡೂ ಮಷಿನ್ನುಗಳನ್ನು ಪಿಕಪ್ಪಿಗೆ ಹೇರಿಕೊಂಡು ಹೋದೆವು.

ಮೊದಲು ನಾನೇ ಮಿಗ್ ಹಿಡಿದು ಕೂತೆ. ಹಳ್ಳದುದ್ದಕ್ಕೂ ಬೀಸುತ್ತಿದ್ದ ಗಾಳಿ ನನ್ನ ಗ್ಯಾಸನ್ನೆಲ್ಲ ಹಾರಿಸಿಕೊಂಡು ಹೋಯಿತು. ಬೆಸುಗೆಯ ತುಂಬ ತೂತು, ನೀರುದೋಸೆಯ ಹಾಗೆ.

"ಹೊಲಿಗೆ ಬಿಟ್ಟುಹೋಯ್ತಾ ಮಾರಾಯ್ತಿ?" ಎಂದರು ಯಜಮಾನರು. ತೂತಿನ ಬೆಸುಗೆಯನ್ನು ಉಜ್ಜಿ ತೆಗೆದು ರಾಡ್ ಹಿಡಿದರು. ರಾಡಿನ ಲೇಪ ಉರಿದು ತನಗೆ ಬೇಕಾದ ಗ್ಯಾಸನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅಷ್ಟು ಗಾಳಿಗೆ ಅದು ಜಗ್ಗಲಿಲ್ಲ. ಮಧ್ಯಾಹ್ನದೊಳಗೆ ಸಂಕದ ದಪ್ಪ ಕಬ್ಬಿಣದ ಚಾನೆಲ್ಲುಗಳೆಲ್ಲ ಕೂಡಿಕೊಂಡವು.

ಸಂಕದ ಬದಿಯಲ್ಲಿ ಹಿಡಿದುಕೊಳ್ಳುವ ತೆಳು ಪೈಪಿಗೆ ಬಂದಾಗ ಆಟ ತಿರುಗಿತು. ರಾಡ್ ತಾಗಿಸಿದ್ದೇ ಪೈಪು ಉರಿದು ತೂತಾಯಿತು. ಇನ್ನೊಂದಕ್ಕೂ ಅದೇ ಗತಿ. ಯಜಮಾನರು ರಾಡ್ ಕೆಳಗಿಟ್ಟರು.

"ಇದು ನನ್ನ ಕೈಲಿ ಆಗೂದಲ್ಲ. ನೀನೇ ಮಾಡು."

ನಗು ಕಾಣದಿರಲೆಂದು ನಾನು ಮುಖಕ್ಕೆ ಶೀಲ್ಡ್ ಎಳೆದುಕೊಂಡೆ. ಅವರೂ ಅಜ್ಜಿಯ ಮನೆಯವರೂ ನನ್ನ ಸುತ್ತ ಟಾರ್ಪಾಲು ಹಿಡಿದು ಗಾಳಿ ಕಟ್ಟಿದರು. ಒಳಗೆ ಬೆವರು ಸುರಿಯುತ್ತಿದ್ದರೂ ಪೈಪುಗಳನ್ನೆಲ್ಲ ತೂತು ಬೀಳದಂತೆ ಕೂಡಿಸಿದೆ.

ಪೈಪು ಆರಿದ ಮೇಲೆ ಅಜ್ಜಿ ಚಪ್ಪಲಿ ಬಿಟ್ಟು ಸಂಕ ಹತ್ತಿದರು. ನಡುವೆ ನಿಂತು ಒಮ್ಮೆ ಕಾಲು ಕುಟ್ಟಿ ನೋಡಿ, ತಿರುಗಿಯೂ ನೋಡದೆ ಆಚೆಗೆ ಹೋದರು. ತುಸು ಹೊತ್ತಿಗೆ ತಂಗಿಯನ್ನು ಕರೆದುಕೊಂಡು ಬಂದರು. ತಂಗಿಯ ಕೈಯಲ್ಲಿ ಸೋರುವ ಸ್ಟೀಲ್ ಕೊಡಪಾನ.

"ಇದಕ್ಕೊಂದು ಬೆಸುಗೆ ಹಾಕಿ ಕೊಡಿ ಮಗಾ," ಎಂದರು ಅಜ್ಜಿ.

ಅಷ್ಟು ತೆಳು ಸ್ಟೀಲಿಗೆ ನಮ್ಮ ಎರಡೂ ಮಷಿನ್ ಆಗುವುದಿಲ್ಲ, ಟಿಗ್ ಎಂಬ ಬೇರೆ ಮಷಿನ್ ಬೇಕು ಎಂದೆ. ಆದರೂ ಕೊಡಪಾನ ನಮ್ಮ ಪಿಕಪ್ ಹತ್ತಿತು. ಮರುವಾರ ನರಸಿಂಹರಾಜಪುರದ ಅಂಗಡಿಯೊಂದರಲ್ಲಿ ಅದನ್ನು ಸರಿಮಾಡಿಸಿದೆವು. ಅಂಗಡಿಯವರ ಒಂದು ಕೈಯಲ್ಲಿ ಟಿಗ್‌ನ ಬೆಸುಗೆ ಟಾರ್ಚು, ಇನ್ನೊಂದರಲ್ಲಿ ಸಣ್ಣ ತಂತಿ; ನಿಧಾನ, ಆದರೆ ಕಿಡಿಯೂ ಇಲ್ಲ, ಚಿಪ್ಪೂ ಇಲ್ಲ. ಯಜಮಾನರು ಕಪ್ಪು ಗಾಜು ಹಿಡಿದು ಬಗ್ಗಿ ನೋಡಿದ್ದೇ ನೋಡಿದ್ದು.

"ಒಂದು ಟಿಗ್ ತಗಳಣ," ಎಂದರು ಹೊರಗೆ ಬಂದು. "ಈ ಸಲ ಇಬ್ರೂ ಒಟ್ಟಿಗೇ ಕಲಿಯಣ."