ಮಷೀನಿಗಿ ಭಂಡಾರ

ಮನಿ ಮನಿಗಿ ಹೋಗಿ ಆಕ್ಸಿಜನ್ ಮಷೀನ ರಿಪೇರಿ ಮಾಡೋದು ನನ್ನ ಕೆಲಸ. ಒಂದಿನ ಗುಂಜೋಟಿಯಿಂದ ಫೋನ್ ಬಂತು, "ಮಷೀನ ಒದರಲಾಕತ್ತದ, ಲಗೂ ಬರ್ರಿ."

ಹೋಗಿ ನೋಡಿದ್ರ, ಕುರಿ ಕಾಯೋ ಮುತ್ಯಾ ಒಬ್ಬಾಂವ ಹೆಂಡತಿ ಹೊರಸಿನ ಬಾಜೂಕ ಕುಂತಿದ್ದ. ಇನ್ನ ನಮ್ಮ ಕೈಲಿ ಆಗಂಗಿಲ್ಲ ಅಂತ ಡಾಕ್ಟರು ಆಕಿನ್ನ ಮನಿಗಿ ಕಳಿಸಿದ್ರಂತ. ಮಷೀನಿನ ಫಿಲ್ಟರ್ ತೆಗದೆ. ಅರಿಶಿಣ ಪುಡಿ ಮೆತ್ತಿ ಹಳದಿ ಆಗಿತ್ತು.

"ಇದೇನು ಮುತ್ಯಾ?"

"ನಮ್ಮ ಬೀರಪ್ಪ ದೇವರ ಭಂಡಾರರೀ ಸಾಹೇಬ. ದಿನಾ ಮುಂಜಾನಿ ಹಚ್ಚತೀನಿ. ಆಕಿ ಉಸಿರು ಇದರಾಗೇ ಅದ ಅಲ್ಲ?"

ನನಗ ಸಿಟ್ಟು ಬಂತು. "ಪುಡಿ ಒಳಗ ಹೋದ್ರ ಮಷೀನ ಬಂದ್ ಬೀಳ್ತದ. ಆಗ ಬೀರಪ್ಪ ಬಂದು ರಿಪೇರಿ ಮಾಡ್ತಾನೇನು?" ಅಂದೆ. ಮುತ್ಯಾ ತಲಿ ತಗ್ಗಿಸಿದ.

ಮಲಗಿದ್ದ ಆಯಿ ಸಣ್ಣ ದನಿಲೆ ಅಂದಳು: "ಬೈಬ್ಯಾಡಪ್ಪಾ. ನಾ ಹೋಗಾಕಿನೇ, ನನಗ ಗೊತ್ತದ. ಆದ್ರ ಅಂವಾ ಭಂಡಾರ ಹಚ್ಚೂದು ನೋಡಿದ್ರ ನನಗ ನಿದ್ದಿ ಹತ್ತತದ."

ನಾ ಫಿಲ್ಟರ್ ತೊಳದು, ಒಣಗಿಸಿ ಕೂಡಿಸಿದೆ. ಆಮ್ಯಾಲ ಗಾಳಿ ಎಳಕೊಳ್ಳೋ ಬಾಜೂ ಬಿಟ್ಟು, ಮಷೀನಿನ ನೆತ್ತಿ ಮ್ಯಾಲ ಬೆರಳಿಟ್ಟು ತೋರಿಸಿದೆ: "ಇಲ್ಲಿ ಹಚ್ಚು ಮುತ್ಯಾ. ನೀರಾಗ ಕಲಸಿ ಹಚ್ಚು, ಪುಡಿ ಹಾರಂಗಿಲ್ಲ."

ಟ್ರೇನಿಂಗ್‌ದಾಗ ನನಗ ಇದನ್ನ ಯಾರೂ ಕಲಿಸಿದ್ದಿಲ್ಲ. ಈಗ ಯಾರ ಮನಿಯಾಗ ಹೊಸ ಮಷೀನ ಕೂಡಿಸಿದ್ರೂ, ಬಟನ್ ತೋರಿಸಿದ ಮ್ಯಾಲ ಅವರು ಕೇಳೋಕಿಂತ ಮೊದಲೇ ಆ ಜಾಗಾನೂ ತೋರಿಸ್ತೀನಿ.