ಕಣ್ಣು ತಿಂದ ಹುಂಜ

ಫ್ರೋಯಿಲಾನನ ಮೈಮೇಲೆ ಹೊಲಿಗೆ ಹಾಕಿದವನು ನಾನೇ. ಒಂದಲ್ಲ, ಏಳು ಸಲ. ನನ್ನ ಹೆಸರು ಎವೆಲಿಯೊ, ಈ ಹಳ್ಳಿಯ ಕ್ಷೌರಿಕ. ಕೂದಲು ಕತ್ತರಿಸುವುದರ ಜೊತೆಗೆ ಹಲ್ಲು ಕೀಳುವುದು, ಮೂಳೆ ಕೂಡಿಸುವುದು, ಗಾಯ ಹೊಲಿಯುವುದು ಎಲ್ಲವನ್ನೂ ಊರವರು ನನ್ನ ತಲೆಗೇ ಕಟ್ಟಿದ್ದರು. ಡಾಕ್ಟರು ಬೇಕೆಂದರೆ ಲಿಯೋನ್ ಪಟ್ಟಣಕ್ಕೆ ಹೋಗಬೇಕು. ಹಾಲಿನ ಲಾರಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ಜನ ತಾವಾಗಿಯೇ ಗುಣವಾಗುತ್ತಿದ್ದರು, ಉಳಿದರ್ಧ ಜನಕ್ಕೆ ಪಾದ್ರಿ ಸಾಕಾಗುತ್ತಿದ್ದ. ಹಾಗಾಗಿ ಬೇರೆಯವರು ಫ್ರೋಯಿಲಾನನ ಬಗ್ಗೆ ಏನಾದರೂ ಹೇಳಿಕೊಳ್ಳಲಿ, ಅವನ ಒಳಗೇನಿತ್ತು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ಗಾಯ ತೊಡೆಯದು. ಅವನಿಗಾಗ ಹದಿನಾರು. ಹುಂಜದ ಕಾಲಿನ ಮುಳ್ಳು ಎಲುಬಿನವರೆಗೂ ಇಳಿದಿತ್ತು. ನಾನು ಹೊಲಿಯುತ್ತಿದ್ದರೆ ಅವನಪ್ಪ ಪಕ್ಕದಲ್ಲೇ ನಿಂತು ಮಗನ ಕೆನ್ನೆಗೆ ಎರಡು ಬಿಗಿದ. ರಕ್ತ ಬಂತು ಅಂತಲ್ಲ, ಹಕ್ಕಿಯನ್ನು ಕೈಬಿಟ್ಟ ಅಂತ.

ನಮ್ಮ ಕಣಿವೆಯ ಹುಂಜಗಳನ್ನು ಯಾರೂ ತಿನ್ನುವುದಿಲ್ಲ, ಕಾಳಗಕ್ಕೂ ಬಿಡುವುದಿಲ್ಲ. ಸಾಕುವುದು ಗರಿಗೆ. ವರ್ಷಕ್ಕೆ ನಾಲ್ಕು ಸಲ, ಕೃಷ್ಣಪಕ್ಷದಲ್ಲಿ, ಬೆನ್ನಿನ ಗರಿಗಳನ್ನು ಜೀವಂತ ಹಕ್ಕಿಯಿಂದ ಒಂದೊಂದಾಗಿ ಕೀಳುತ್ತಾರೆ. ಆ ಗರಿಯನ್ನು ಗಾಳದ ಕುತ್ತಿಗೆಗೆ ರೇಷ್ಮೆ ನೂಲಿನಿಂದ ಸುತ್ತಿದರೆ ಮೀನಿನ ಕಣ್ಣಿಗೆ ನೊಣವಾಗುತ್ತದೆ. ನೀರಿನ ಮೇಲೆ ತೇಲುವ ನೊಣವಲ್ಲ, ಮುಳುಗಿದ ನೊಣ. ಹೊಳೆಯೊಳಗೆ ಆ ಎಳೆಗಳು ಬಿಚ್ಚುತ್ತ ಮುಚ್ಚುತ್ತ ಉಸಿರಾಡುತ್ತವೆ, ಟ್ರೌಟ್ ಮೀನು ಮೋಸಹೋಗುತ್ತದೆ. ಇದೇ ಹುಂಜವನ್ನು ಸೇತುವೆ ದಾಟಿಸಿ ಬೇರೆ ಊರಲ್ಲಿ ಸಾಕಿ ನೋಡಿ, ಗರಿಯ ಹೊಳಪು ಸತ್ತುಹೋಗುತ್ತದೆ. ಇದು ಮೂಢನಂಬಿಕೆ ಅಂತ ಗಾಳ ಹಾಕಲು ಬರುವ ಮ್ಯಾಡ್ರಿಡ್‌ನ ಸಾಹೇಬರು ನಗುತ್ತಾರೆ. ನಕ್ಕು ಮತ್ತೆ ನಮ್ಮ ಹತ್ತಿರವೇ ಗರಿ ಕೊಳ್ಳುತ್ತಾರೆ.

ಕೀಳುವಾಗ ಹಕ್ಕಿ ಕುಕ್ಕದಿರಲೆಂದು ಊರಿನ ಉಳಿದವರೆಲ್ಲ ಅದರ ತಲೆಗೆ ಹಳೇ ಕಾಲುಚೀಲ ತೊಡಿಸುತ್ತಾರೆ. ಫ್ರೋಯಿಲಾನನ ಮನೆಯಲ್ಲಿ ಮಾತ್ರ ಆ ಪದ್ಧತಿಯಿಲ್ಲ. ಕತ್ತಲೆಯಲ್ಲಿ ಹಕ್ಕಿ ಹೆದರಿ ಬಿಗಿಯುತ್ತದೆ, ಗರಿ ಸತ್ತು ಬರುತ್ತದೆ ಎಂದು ಅವನಜ್ಜ ಹೇಳಿದ್ದನಂತೆ. ಅಪ್ಪನೂ ಹೇಳಿದ. ಇವನೂ ತಲೆ ಮುಚ್ಚದೆ, ಹಕ್ಕಿಯನ್ನು ಮಂಡಿಗಳ ನಡುವೆ ಅದುಮಿಕೊಂಡು ಅದರ ಕಣ್ಣಲ್ಲಿ ಕಣ್ಣಿಟ್ಟು ಕೀಳುತ್ತಿದ್ದ. ಎರಡನೆಯ, ಮೂರನೆಯ ಮತ್ತು ಐದನೆಯ ಹೊಲಿಗೆಗಳು ಅಲ್ಲಿಂದಲೇ ಬಂದವು.

ನಾಲ್ಕನೆಯದು ಮನುಷ್ಯನದು. ನಮ್ಮ ಹೊಳೆಯಲ್ಲಿ ಮಡುವಿನ ಕಲ್ಲಿನ ಮೇಲೆ ಮೊದಲು ಟೋಪಿ ಇಟ್ಟವನದೇ ಆ ದಿನದ ಮಡು. ಕೆಳಗಿನ ಊರಿನವನೊಬ್ಬ ಫ್ರೋಯಿಲಾನನ ಟೋಪಿಯನ್ನು ಎತ್ತಿ ನೀರಿಗೆಸೆದ. ಫ್ರೋಯಿಲಾನ್ ಅವನ ಕಿವಿಯ ತುದಿ ಕಚ್ಚಿ ಉಗಿದ. ಅವನು ಕಲ್ಲಿನಿಂದ ಇವನ ತಲೆ ಒಡೆದ. ಇಬ್ಬರನ್ನೂ ನನ್ನಂಗಡಿಯ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಮಾಡಿ ಕೂರಿಸಿ ಹೊಲಿದೆ. ನಡುವೆ ಒಬ್ಬ ಇನ್ನೊಬ್ಬನಿಗೆ ಮೊಣಕೈಯಲ್ಲಿ ತಿವಿದದ್ದಕ್ಕೆ ಇಬ್ಬರ ತಲೆಗೂ ನಾನೇ ತಪರಾಕಿ ಕೊಟ್ಟೆ.

ಆರನೆಯದನ್ನು ಕೊಟ್ಟವಳು ಹೆಂಡತಿ ದೊಮಿತಿಲಾ. ಬಾಣಲೆ. ಕಾರಣ ಇಬ್ಬರಿಗೂ ನೆನಪಿರಲಿಲ್ಲ. ಮಕ್ಕಳಿಲ್ಲದ ಆ ಮನೆಯಲ್ಲಿ ಪಾತ್ರೆಗಳು ಹಾರುವುದು ಊರಿಗೇ ಗೊತ್ತಿತ್ತು. ಆದರೆ ಸಾಯಂಕಾಲ ಕಿಟಕಿಯ ಬಳಿ ಅವಳು ನೂಲು ಹಿಡಿದು, ಅವನು ಗರಿ ಸುತ್ತುತ್ತ ಕೂತಾಗ ನೋಡಬೇಕಿತ್ತು. ನಾಲ್ಕು ಕೈಯೂ ಒಬ್ಬರದೇ ಅನ್ನಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಕೋಳಿರೋಗ ಬಂತು. ಒಂದೇ ವಾರದಲ್ಲಿ ಫ್ರೋಯಿಲಾನನ ಅಂಗಳದಲ್ಲಿ ಮೂವತ್ತು ಹಕ್ಕಿ ಸತ್ತವು. ಉಳಿದದ್ದು ನಾಲ್ಕಾರು ಹೇಂಟೆ ಮತ್ತು ಒಂದು ಹುಂಜ. ಉಕ್ಕಿನ ಬಣ್ಣದ ಹುಂಜ, ಆ ತಳಿಯಲ್ಲಿ ಕಣಿವೆಗೇ ಕೊನೆಯದು. ಮಾರ್ಚ್ ತಿಂಗಳ ಚಳಿಯಲ್ಲಿ ಹೊಳೆಯಿಂದ ಏಳುವ ನೊಣದ ರೆಕ್ಕೆಗೆ ಅದೇ ಬಣ್ಣ, ಬೇರೆ ಯಾವ ಗರಿಗೂ ಆ ದಿನಗಳಲ್ಲಿ ಮೀನು ಬಾಯಿ ತೆರೆಯುವುದಿಲ್ಲ. ಅದರ ಗತ್ತು ನೋಡಿ ಫ್ರೋಯಿಲಾನ್ ಬಿಷಪ್ ಅಂತ ಹೆಸರಿಟ್ಟ. ಪಾದ್ರಿ ಆಕ್ಷೇಪಿಸಿದಾಗ, ಬೇಕಾದರೆ ಬಿಷಪ್ಪರೇ ಬಂದು ಹೆಸರು ವಾಪಸ್ ಕೇಳಲಿ ಎಂದುಬಿಟ್ಟ.

ಮೂರು ವಸಂತ ಕಾದರೂ ಬಿಷಪ್‌ಗೆ ಅಪ್ಪನ ಬಣ್ಣದ ಮಗ ಹುಟ್ಟಲಿಲ್ಲ. ಎಲ್ಲವೂ ಕೆಸರುಬಣ್ಣ. ಮಗ ಹುಟ್ಟುವ ಮೊದಲು ಬಿಷಪ್ ಸತ್ತರೆ ಆ ಗರಿ ಮುಗಿದಂತೆ, ಅಜ್ಜನಿಂದ ಬಂದದ್ದು ಫ್ರೋಯಿಲಾನನ ಕೈಯಲ್ಲಿ ಮುಗಿದಂತೆ. ಈ ಒಂದು ಚಿಂತೆ ಅವನನ್ನು ಒಳಗಿಂದ ತಿನ್ನುತ್ತಿತ್ತು.

ಐವತ್ತೊಂದರ ಫೆಬ್ರವರಿಯಲ್ಲಿ ಕೀಳುವ ಕೆಲಸ ಶುರುವಾದ ದಿನ ನಾನು ಅವರ ಅಂಗಳದಲ್ಲೇ ಇದ್ದೆ. ಬಿಷಪ್‌ನದೇ ಮೊದಲ ಸರದಿ. ಆರೋ ಏಳೋ ಗರಿ ಕಿತ್ತಿದ್ದ. ಹಕ್ಕಿ ಸುಮ್ಮನಾಯಿತು. ಅದು ಸುಮ್ಮನಾದದ್ದನ್ನು ನೋಡಿ ಅವನು ಗರಿಯ ಬುಡ ಹುಡುಕಲು ಇನ್ನಷ್ಟು ಬಾಗಿದ. ಒಂದೇ ಕುಟುಕು. ಎಡಗಣ್ಣಿನಿಂದ ನೀರೂ ರಕ್ತವೂ ಒಟ್ಟಿಗೆ ಬಂದು ಗಡ್ಡಕ್ಕಿಳಿಯಿತು. ಅವನು ಕೂಗಲಿಲ್ಲ, ಹಕ್ಕಿಯನ್ನು ಬಿಡಲೂ ಇಲ್ಲ. ಎದ್ದು, ಅದನ್ನು ಗೂಡಿಗೆ ಹಾಕಿ ಅಗುಳಿ ಜಡಿದ ಮೇಲೆಯೇ ಕಣ್ಣಿಗೆ ಕೈ ಇಟ್ಟುಕೊಂಡ.

ದೊಮಿತಿಲಾ ಸೌದೆ ಕೊಡಲಿ ಹಿಡಿದು ಬಂದಳು. ಅವನು ಗೂಡಿನ ಬಾಗಿಲಿಗೆ ಅಡ್ಡ ನಿಂತ.

“ಹೊಡಿಯೋದಾದ್ರೆ ನನ್ನ ಹೊಡಿ. ಹಕ್ಕೀದೇನು ತಪ್ಪು? ಕಿತ್ರೆ ನೋವಾಗಲ್ವಾ ಅದಕ್ಕೆ?”

“ನಿಂಗಾಗ್ತಿಲ್ವೇನೋ ನೋವು, ಮೂದೇವಿ?”

“ಆಗ್ತಿದೆ. ಅದಕ್ಕೇ ಹೇಳ್ತಿರೋದು.”

ಅವಳು ಕೊಡಲಿಯನ್ನು ಬಾಗಿಲಿನ ಚೌಕಟ್ಟಿಗೆ ಬೀಸಿದಳು. ಅವನ ಕಿವಿಯಿಂದ ಒಂದು ಗೇಣು ಆಚೆ ಮರ ಸೀಳಿತು. ಆಮೇಲೆ ಅಲ್ಲೇ ಕೂತು ಅತ್ತಳು.

ನಾನು ರೆಪ್ಪೆಗೆ ನಾಲ್ಕು ಹೊಲಿಗೆ ಹಾಕಿ ಮಾರನೆಯ ದಿನ ಅವನನ್ನು ಲಾರಿಯಲ್ಲಿ ಲಿಯೋನಿಗೆ ಕರೆದೊಯ್ದೆ. ಡಾಕ್ಟರು ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. ಹಾಳಾದ ಕಣ್ಣನ್ನು ಎರಡು ವಾರದೊಳಗೆ ತೆಗೆಸಿಬಿಡಬೇಕು, ಇಲ್ಲದಿದ್ದರೆ ಅದರ ವಿಷ ಒಳ್ಳೆಯ ಕಣ್ಣಿಗೂ ಹತ್ತಬಹುದು, ಈಗಲೇ ಮಲಗಿ ಎಂದರು. ಫ್ರೋಯಿಲಾನ್ ಬೆರಳು ಮಡಚಿ ಎಣಿಸಿದ. ಕೃಷ್ಣಪಕ್ಷ ಮುಗಿಯಲು ಒಂಬತ್ತು ದಿನ, ಕೀಳಬೇಕಾದ ಹುಂಜಗಳು ಇನ್ನೂ ಇವೆ. ಆಮೇಲೆ ಮೀನಿನ ಕಾಲ ತೆರೆಯುವ ಮೊದಲು ನೊಣ ಕಟ್ಟಬೇಕು. ಅದು ಮುಗಿಸಿ ಬರುತ್ತೇನೆ ಎಂದು ಟೋಪಿ ಹಾಕಿಕೊಂಡ.

ಹಿಂದಕ್ಕೆ ಬರುವಾಗ ಲಾರಿಯಲ್ಲಿ ಅವನು ನನ್ನನ್ನು ಕೇಳಿದ, ನೀನೇನಂತೀಯ ಅಂತ. ನಾನಾದರೂ ಗದರಿಸಿ ಲಾರಿ ತಿರುಗಿಸಬೇಕಿತ್ತು. ನನ್ನ ಹೊಲಿಗೆ ಚೆನ್ನಾಗಿ ಬಿದ್ದಿದೆ ಎಂಬ ಜಂಬ ನನಗೆ. “ಪಟ್ಟಣದ ಡಾಕ್ಟರುಗಳಿಗೆ ಕೊಯ್ಯೋದೇ ಚಟ. ನೋವು ಇಳ್ದಿದೆಯಲ್ಲ, ನೋಡೋಣ ಬಿಡು” ಅಂದೆ. ಈ ನಾಲಿಗೆಯನ್ನು ಅವತ್ತೇ ಕತ್ತರಿಸಿ ಹಾಕಿದ್ದರೆ ಚೆನ್ನಾಗಿತ್ತು.

ಮಾರ್ಚ್ ಎರಡನೆಯ ಭಾನುವಾರ ಮೀನು ಹಿಡಿಯುವವರಿಗೆ ಹೊಳೆ ತೆರೆಯಿತು. ಇಬ್ಬರೂ ಮಡುವಿಗೆ ಹೋದೆವು. ಉದ್ದನೆಯ ಗಳ, ದಾರದಲ್ಲಿ ಬಿಷಪ್‌ನ ಗರಿಯ ನಾಲ್ಕು ನೊಣ, ತುದಿಗೊಂದು ತೇಲುವ ಮರದ ಬುರುಡೆ. ಬುರುಡೆ ನೀರಿನೊಡನೆ ಇಳಿದು ಹೋಗುತ್ತದೆ, ನೊಣಗಳು ಮೇಲ್ನೀರಿನ ಕೆಳಗೆ ಒಂದು ಬೆರಳು ಆಳದಲ್ಲಿ ನೇತಾಡುತ್ತವೆ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲ ಮಣಿಕಟ್ಟಿಗೇ ತಿಳಿಯಬೇಕು. ಅವನು ಅವತ್ತು ಹುಚ್ಚು ಹಿಡಿದವನಂತೆ ಮೀನು ಹಿಡಿದ. ಎಳೆಯುವುದು, ಕಲ್ಲಿಗೆ ತಲೆ ಬಡಿಯುವುದು, ಬುಟ್ಟಿಗೆ ಹಾಕುವುದು, ಮತ್ತೆ ಎಸೆಯುವುದು. ಮಣಿಕಟ್ಟಿನವರೆಗೂ ಮೀನಿನ ರಕ್ತ. ಹನ್ನೊಂದನೆಯದನ್ನು ಬಡಿದು ತಲೆ ಎತ್ತಿದ.

“ಏನೋ ಇದು, ಇವತ್ತು ಈ ಪಾಟಿ ಮಂಜು?”

ನಾನು ಹೊಳೆ ನೋಡಿದೆ. ಬಿಸಿಲು ಹೊಡೆಯುತ್ತಿತ್ತು. ತಳದ ಒಂದೊಂದು ಬೆಣಚುಕಲ್ಲೂ ಎಣಿಸುವ ಹಾಗೆ ಕಾಣುತ್ತಿತ್ತು. “ಹೂಂ, ಮಂಜು” ಅಂದೆ.

ಅವತ್ತೇ ದೊಮಿತಿಲಾಗೆ ಹೇಳಿದೆ. ಅವಳು ಅವನನ್ನು ಕತ್ತಿನ ಪಟ್ಟಿ ಹಿಡಿದು ಲಾರಿ ಹತ್ತಿಸಿದಳು. ಕಾಲ ಮೀರಿತ್ತು. ಆಸ್ಪತ್ರೆಯವರು ಎಡಗಣ್ಣು ತೆಗೆದರು, ಬಲಗಣ್ಣನ್ನು ಉಳಿಸಲು ಎರಡು ತಿಂಗಳು ಹೆಣಗಿದರು. ಮೇ ತಿಂಗಳಲ್ಲಿ ಅವನಿಗೆ ದೀಪಕ್ಕೂ ಗೋಡೆಗೂ ವ್ಯತ್ಯಾಸ ತಿಳಿಯದಾಯಿತು.

ಅವನು ವಾಪಸ್ ಬರುವ ದಿನ ಬೆಳಗ್ಗೆ ದೊಮಿತಿಲಾ ನನ್ನಂಗಡಿಗೆ ಬಂದಳು. ಕೈಯಲ್ಲಿ ಅದೇ ಕೊಡಲಿ.

“ಬಾ. ಹುಂಜದ ಕಾಲು ಹಿಡ್ಕೋ ಬಾ. ಒಬ್ಬಳ ಕೈಲಾಗಲ್ಲ.”

ಒಮ್ಮೆ ಹೇಳಿ ನೋಡಿದೆ, ಅವನಿಗೆ ಉಳಿದಿರುವುದು ಅದೊಂದೇ ಅಂತ. ಅವಳು ನನ್ನನ್ನೇ ದಿಟ್ಟಿಸಿ, ಲಾರಿಯಲ್ಲಿ ನಾನೇನು ಹೇಳಿದ್ದೆ ಅಂತ ಗಂಡ ತನಗೆ ತಿಳಿಸಿದ್ದಾನೆ ಎಂದಳು. ನಾನು ಕತ್ತರಿ ಕೆಳಗಿಟ್ಟೆ. ಹೋದೆ.

ಬಿಷಪ್ ಸುಲಭವಾಗಿ ಸಾಯಲಿಲ್ಲ. ಮೊದಲ ಏಟು ರೆಕ್ಕೆಗೆ ಬಿತ್ತು. ಅದು ತಿರುಗಿ ನನ್ನ ಮುಂಗೈಯನ್ನು ಮೊಣಕೈವರೆಗೂ ಸೀಳಿತು. ಎರಡನೆಯ ಏಟು ಕೊರಡಿಗೆ. ಅವಳು ಹಲ್ಲು ಕಚ್ಚಿಕೊಂಡು, ಬೈಯುತ್ತ, ಅಳುತ್ತ ಮೂರನೆಯದು ಹೊಡೆದಳು. ತಲೆ ಹೋದ ಮೇಲೂ ನನ್ನ ಕೈಯಲ್ಲಿ ಕಾಲುಗಳು ಒದೆಯುತ್ತಲೇ ಇದ್ದವು. ಗರಿಗಳನ್ನೆಲ್ಲ ಒಂದೂ ಉಳಿಸದೆ ಒಲೆಗೆ ಹಾಕಿದಳು. ಮಾಂಸವನ್ನು ಕಡಲೆಯ ಜೊತೆ ಬೇಯಿಸಿದಳು. ಸಾಯಂಕಾಲ ಬಂದ ಗಂಡನಿಗೆ ಮುದಿ ಹೇಂಟೆಯ ಸಾರು ಅಂತ ಕುಡಿಸಿದಳು. ಅವನು ಬಿಷಪ್‌ನ ಬಗ್ಗೆ ಕೇಳಿದ. ಚೆನ್ನಾಗಿದ್ದಾನೆ, ಗಂಟಲು ಕಟ್ಟಿದೆ, ಕೂಗುತ್ತಿಲ್ಲ ಎಂದಳು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಅದೇ ಮೇಜಿನಲ್ಲಿ ಕೂತು ಅದೇ ಸಾರು ಕುಡಿದೆ.

ಜೂನ್‌ನಲ್ಲಿ ಮತ್ತೆ ಕೀಳುವ ದಿನ ಬಂತು. ಈಗ ಕೀಳುವವಳು ಅವಳೇ, ತಲೆಗೆ ಕಾಲುಚೀಲ ತೊಡಿಸಿ. ಇದ್ದ ಕೆಸರುಬಣ್ಣದ ಹುಂಜವೊಂದರ ಗರಿಗಳನ್ನು ಕಟ್ಟಿ, ಇವು ಬಿಷಪ್‌ನವು ಎಂದು ಅವನ ಕೈಗಿಟ್ಟಳು. ಅವನು ಒಂದನ್ನು ತುಟಿಗಳ ನಡುವೆ ಮೆಲ್ಲಗೆ ಎಳೆದ. ಗರಿಯ ಬಿರುಸು ತುಟಿಗೆ ತಿಳಿದಷ್ಟು ಕಣ್ಣಿಗೂ ತಿಳಿಯುವುದಿಲ್ಲ. “ಈ ಸಲ ಚೆನ್ನಾಗಿ ಬಂದಿದೆ ಕಣೇ” ಎಂದ. ಅವಳು ನನ್ನ ಕಡೆ ನೋಡಿ ಉಸಿರು ಬಿಟ್ಟಳು.

ಮಾರನೆಯ ಬೆಳಗ್ಗೆ ಅವನು ಗೋಡೆ ತಡವುತ್ತ ಒಬ್ಬನೇ ನನ್ನಂಗಡಿಗೆ ಬಂದ. ಬಾಗಿಲು ಹಾಕು ಎಂದ. ಹಾಕಿದೆ.

“ಆಸ್ಪತ್ರೆಯಿಂದ ಬಂದ ಮಾರನೇ ಬೆಳಗ್ಗೇನೇ ಗೊತ್ತಾಯ್ತು, ಬಿಷಪ್ ಇಲ್ಲ ಅಂತ. ಗಂಟಲು ಕಟ್ಟಿದ ಹುಂಜ ರೆಕ್ಕೆನಾದ್ರೂ ಬಡಿಯತ್ತೆ. ಅವಳೊಬ್ಬಳ ಕೈಲಿ ಆಗೋ ಕೆಲಸ ಅಲ್ಲ ಅದು. ಕಾಲು ಹಿಡಿದೋರು ಯಾರು?”

ಕುರುಡನ ಮುಂದೆ ಸುಳ್ಳು ಹೇಳುವುದು ಬಹಳ ಸುಲಭ. ಆದರೆ ಮಂಜು ಅಂದಿದ್ದು ನೆನಪಾಯಿತು.

“ನಾನು.”

ಕೋಲು ಮೊದಲು ಭುಜಕ್ಕೆ ಬಿತ್ತು. ನನ್ನ ನರಳಾಟದಿಂದ ಜಾಗ ಗೊತ್ತುಮಾಡಿಕೊಂಡು ಎರಡನೆಯದನ್ನು ಸರಿಯಾಗಿ ಬಾಯಿಗೆ ಹೊಡೆದ. ಕನ್ನಡಿ ಒಡೆಯಿತು, ನನ್ನ ಎರಡು ಹಲ್ಲು ಹೋದವು. ಬಿದ್ದವನ ಪಕ್ಕೆಲುಬಿಗೆ ಒದ್ದ, ಒದ್ದ, ತನ್ನ ಉಸಿರು ಕಟ್ಟುವವರೆಗೂ ಒದ್ದ. ನಾನು ಕೈ ಎತ್ತಲಿಲ್ಲ. ಅಷ್ಟು ಏಟು ತಿಂದ ಮೇಲೆ ಮೊದಲ ಸಲ ನನಗೆ ಹಗುರ ಅನ್ನಿಸಿತು.

ಆಮೇಲೆ ಅವನು ಕುರ್ಚಿಯನ್ನು ತಡವಿ ಹುಡುಕಿ ಕೂತು, ತಲೆ ಹಿಂದಕ್ಕೆ ಒರಗಿಸಿ ಗಂಟಲು ಕೊಟ್ಟ.

“ಕ್ಷೌರ ಮಾಡು.”

ನನ್ನ ಬಾಯಿಂದ ರಕ್ತ ಸುರಿಯುತ್ತಿತ್ತು. ನನ್ನ ಕೈಯಲ್ಲಿ ಕತ್ತಿ, ಅವನ ಗಂಟಲಿನ ನರ ಅದರ ಕೆಳಗೆ ಬಡಿಯುತ್ತಿತ್ತು. ನಾನು ನೊರೆ ಹಚ್ಚಿ ಒಂದು ಗೆರೆ ಎಳೆದೆ.

“ನಂಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡ,” ಎಂದ. “ನಾನು ನಂಬಿದೀನಿ ಅನ್ಕೊಂಡೇ ಅವಳು ಅನ್ನ ತಿಂತಿರೋದು. ಗೊತ್ತಾದ್ರೆ ನನ್ನ ಕಣ್ಣೂ ತಾನೇ ಕಿತ್ತೆ ಅನ್ನೋ ಹಾಗೆ ಕೊರಗ್ತಾಳೆ.”

ಅವತ್ತಿನಿಂದ ಹದಿನಾಲ್ಕು ವರ್ಷ ಅವನು ಆ ಕೆಟ್ಟ ಗರಿಗಳಿಂದ ನೊಣ ಕಟ್ಟಿದ. ಮಾರ್ಚ್‌ನಲ್ಲಿ ಅವಳು ಅವನನ್ನು ಕೈ ಹಿಡಿದು ಮಡುವಿಗೆ ಕರೆದೊಯ್ಯುತ್ತಿದ್ದಳು. ಅವನು ದಿನವಿಡೀ ಎಸೆಯುತ್ತಿದ್ದ, ಮೀನು ಮುಟ್ಟುತ್ತಿರಲಿಲ್ಲ. ತನಗೇ ವಯಸ್ಸಾಯಿತು, ಕೈ ಸೋತಿದೆ ಎಂದು ಅವಳಿಗೆ ಹೇಳುತ್ತಿದ್ದ. ನಡುವೆ ಒಂದು ವರ್ಷ, ಬಿಷಪ್ ಮುಪ್ಪಿನಿಂದ ಸತ್ತ ಎಂದು ಅವಳು ಹೇಳಿದಾಗ, ಟೋಪಿ ತೆಗೆದು ಎದೆಗೊತ್ತಿಕೊಂಡ. ಉಕ್ಕಿನ ಬಣ್ಣದ ಆ ಗರಿ ಇಂದು ನಮ್ಮ ಕಣಿವೆಯ ಯಾವ ಅಂಗಳದಲ್ಲೂ ಇಲ್ಲ. ಅರವತ್ತೈದರ ಚಳಿಯಲ್ಲಿ ಎದೆ ಕಟ್ಟಿ ಅವನು ಹೋದ.

ಆರು ವರ್ಷದ ಮೇಲೆ ದೊಮಿತಿಲಾ ಹಾಸಿಗೆ ಹಿಡಿದಳು. ಪಾದ್ರಿ ಬಂದು ಹೋದ ಮೇಲೆ ನನ್ನನ್ನು ಹತ್ತಿರ ಕರೆದಳು. ಪಾದ್ರಿಗೆ ಎಲ್ಲ ಹೇಳಿದ್ದೇನೆ, ಆದರೂ ಒಂದು ಮಾತು ನಿನ್ನನ್ನೇ ಕೇಳಬೇಕು ಎಂದಳು.

“ಅವನಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ, ಅಲ್ವಾ?”

“ಇಲ್ಲ,” ಅಂದೆ.

ಅವಳ ಮುಖ ಸಡಿಲವಾಯಿತು. ಎಷ್ಟೋ ಕಾಲದ ಮೇಲೆ ಅವಳು ನಕ್ಕಿದ್ದನ್ನು ನಾನು ಅವತ್ತು ನೋಡಿದೆ.

“ಪಾಪ, ಮಂಕು ಮುಂಡೇದು,” ಎಂದಳು. “ನಾನೇನು ಹೇಳಿದ್ರೂ ನಂಬ್ತಿತ್ತು.”